ಮನೆಯ ಇಂಟರ್ನೆಟ್‌ಗೆ ಪುಟ್ಟ ಕಂಪ್ಯೂಟರಿನ ಕಾವಲು

ಕಳೆದ ಮಳೆಗಾಲದಲ್ಲಿ ಮಂಗಳೂರಿನ ಬಿಜೈಯ ನೆಂಟರೊಬ್ಬರು ಫೋನ್ ಮಾಡಿದ್ದರು. "ಆ ಪುಟ್ಟ ಕಂಪ್ಯೂಟರ್ ಹಾಕಿದ ಮೇಲೆ ನೆಟ್ಟೇ ಇಲ್ಲ ಮಾರಾಯ್ರೆ, ಒಮ್ಮೆ ಬನ್ನಿ." ಹೋಗಿ ನೋಡಿದೆ. ಆ ಪುಟ್ಟ ಕಂಪ್ಯೂಟರ್, ಅಂದರೆ ರಾಸ್ಪ್‌ಬೆರಿ ಪೈ, ಸರಿಯಾಗಿಯೇ ಇತ್ತು. ಆದರೆ ಫೈಬರ್ ಮೋಡೆಮ್‌ಗೂ 192.168.1.1, ಪೈಗೂ ಅದೇ ವಿಳಾಸ. ಒಂದೇ ಓಣಿಯ ಎರಡು ಮನೆಗೆ ಒಂದೇ ಡೋರ್ ನಂಬರ್ ಬರೆದ ಹಾಗೆ. ಆಮೇಲೆ ಮಣಿಪಾಲದಲ್ಲಿ, ಉಡುಪಿಯಲ್ಲಿ ಇನ್ನೂ ಮೂರು ಮನೆ ನೋಡಿದೆ. ಎಲ್ಲರೂ ಎಡವಿದ್ದು ಒಂದೇ ಕಡೆ, ಮೋಡೆಮ್ ಮತ್ತು ಹೊಸ ಪೆಟ್ಟಿಗೆ ಸೇರುವಲ್ಲಿ. ಅದಕ್ಕೇ, ಮೋಡೆಮ್‌ಗೂ ಮನೆಯ ಸಾಧನಗಳಿಗೂ ನಡುವೆ ಪುಟ್ಟ ಕಂಪ್ಯೂಟರೊಂದನ್ನು ಫೈರ್‌ವಾಲ್ ಆಗಿ, ಅಂದರೆ ಹೊರಗಿನವರನ್ನು ತಡೆಯುವ ಕಾವಲಾಗಿ, ಕೂರಿಸುವುದು ಹೇಗೆ ಎಂದು ಬರೆಯುತ್ತಿದ್ದೇನೆ.

ಇಷ್ಟೆಲ್ಲ ಯಾಕೆ ಬೇಕು? ಕಂಪನಿ ಕೊಟ್ಟ ಮೋಡೆಮ್‌ಗೆ ಅಪ್‌ಡೇಟ್ ಬಂತೋ ಇಲ್ಲವೋ ನಮಗೆ ಗೊತ್ತಾಗುವುದಿಲ್ಲ. ಅದರ ಹಿಂದೆ ಟಿವಿ, ಮಕ್ಕಳ ಲ್ಯಾಪ್‌ಟಾಪ್, ಅಂಗಳದ ಸಿಸಿಟಿವಿ ಎಲ್ಲ ಇರುತ್ತವೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ಕೇಡಿನ ತಂತ್ರಾಂಶ) ಹರಡಿದ್ದು ಇಂಥ ಕ್ಯಾಮೆರಾ, ಅದರ ದೃಶ್ಯ ದಾಖಲಿಸುವ ಡಿವಿಆರ್‌ಗಳ ಮೂಲಕವೇ. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್ ಯಾರೂ ಬದಲಿಸಿರಲಿಲ್ಲ.

ಮೊದಲು ಪೆಟ್ಟಿಗೆ. ಹೊಸದಾಗಿ ಕೊಳ್ಳುವುದಾದರೆ ಎರಡು ಲ್ಯಾನ್ ಪೋರ್ಟ್ (ಒಂದು ಮೋಡೆಮ್ ಕಡೆಗೆ, ಒಂದು ಮನೆಯ ಕಡೆಗೆ) ಇರುವ, ಫ್ಯಾನ್ ಇಲ್ಲದ ಇಂಟೆಲ್ ಎನ್100 ಮಿನಿ ಪಿಸಿ ತೆಗೆದುಕೊಳ್ಳಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಫ್ಯಾನ್ ಬಾಳುವುದಿಲ್ಲ. ಮನೆಯಲ್ಲಿ ರಾಸ್ಪ್‌ಬೆರಿ ಪೈ 4 ಇದ್ದರೆ ಅದೂ ಸಾಕು, ಆದರೆ ಅದಕ್ಕೆ ಒಂದೇ ಲ್ಯಾನ್ ಪೋರ್ಟ್. ಇನ್ನೊಂದಕ್ಕೆ ಯುಎಸ್‌ಬಿ 3 ಅಡಾಪ್ಟರ್ ಬೇಕು, ರಿಯಲ್‌ಟೆಕ್ ಆರ್‌ಟಿಎಲ್8153 ಚಿಪ್ ಇರುವುದು ಒಳ್ಳೆಯದು. ಡಬ್ಬಿಯ ಮೇಲೆ ಗಿಗಾಬಿಟ್ ಎಂದು ಬರೆದು ಒಳಗೆ ಯುಎಸ್‌ಬಿ 2 ಇಟ್ಟ ಅಡಾಪ್ಟರ್‌ಗಳೂ ಸಿಗುತ್ತವೆ, ಮುಟ್ಟಬೇಡಿ. ಪೈ 3 ಬೇಡವೇ ಬೇಡ, ಅದರ 3ಬಿ ಮಾದರಿಯ ಪೋರ್ಟ್ 100 ಎಂಬಿಪಿಎಸ್ ವೇಗ ದಾಟುವುದಿಲ್ಲ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್‌ನ ಅದರದ್ದೇ ಚಾರ್ಜರ್ ಹಾಕಿ. ಸಿಕ್ಕಿದ ಮೊಬೈಲ್ ಚಾರ್ಜರ್ ಹಾಕಿದರೆ ರಾತ್ರಿ ಹೊತ್ತು ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಕಾರಣ ಹುಡುಕಿ ಹುಡುಕಿ ಸುಸ್ತಾಗುತ್ತೀರಿ.

ಮೂಲೆಯಲ್ಲಿರುವ ಹಳೇ ಡೆಸ್ಕ್‌ಟಾಪ್ ಸಾಲದಾ ಎಂದು ಕೇಳುವವರು ಜಾಸ್ತಿ. ಲೆಕ್ಕ ಹಾಕಿ. 60 ವ್ಯಾಟ್ ಯಂತ್ರ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 43 ಯೂನಿಟ್. 5 ವ್ಯಾಟ್‌ನದ್ದಾದರೆ 3.6 ಯೂನಿಟ್. ಮೆಸ್ಕಾಂ ಬಿಲ್ ಕಟ್ಟುವವರು ನೀವೇ ಅಲ್ವಾ?

ಪೈಗೆ ಓಪನ್‌ಡಬ್ಲ್ಯುಆರ್‌ಟಿ ಹಾಕಿ, ಅದು ಪುಟ್ಟ ಕಂಪ್ಯೂಟರನ್ನು ರೌಟರ್, ಫೈರ್‌ವಾಲ್ ಮಾಡುವ ತಂತ್ರಾಂಶ. ಎನ್100ಕ್ಕೆ ನನ್ನ ಆಯ್ಕೆ ಅದೇ ಬಗೆಯ ಓಪಿಎನ್‌ಸೆನ್ಸ್. ಇಲ್ಲಿ ಪೈ ಬಗ್ಗೆಯೇ ಹೇಳುತ್ತೇನೆ. ಇಮೇಜನ್ನು (ಕಾರ್ಡಿಗೆ ಬರೆಯುವ ಫೈಲ್) ಓಪನ್‌ಡಬ್ಲ್ಯುಆರ್‌ಟಿಯ ಫರ್ಮ್‌ವೇರ್ ಸೆಲೆಕ್ಟರ್ ಪುಟದಿಂದ ಇಳಿಸಿಕೊಳ್ಳಿ. ಇಳಿಸುವ ಮೊದಲೇ ಅಲ್ಲಿ ಪ್ಯಾಕೇಜ್ ಪಟ್ಟಿಗೆ ಅಡಾಪ್ಟರಿನ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಸೇರಿಸಿ. ಇಲ್ಲದಿದ್ದರೆ ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ಇಳಿಸಲು ನೆಟ್ ಬೇಕು ಎಂಬಲ್ಲಿಗೆ ಬಂದು ನಿಲ್ಲುತ್ತೀರಿ. ಎಸ್‌ಡಿ ಕಾರ್ಡಿಗೆ ಬರೆದು, ಪೈಗೆ ಹಾಕಿ, ಲ್ಯಾನ್ ವಯರಿನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ. ಬ್ರೌಸರ್‌ನಲ್ಲಿ 192.168.1.1 ತೆರೆಯಿರಿ. ಮೊದಲ ಕೆಲಸ, ಪಾಸ್‌ವರ್ಡ್ ಇಡುವುದು.

ಎರಡನೆಯದು ವಿಳಾಸ ಬದಲಿಸುವುದು. ಲ್ಯಾನ್ ವಿಳಾಸವನ್ನು 192.168.10.1 ಮಾಡಿ. ಇಲ್ಲೊಂದು ವಿಷಯ ಗೊತ್ತಿರಲಿ. ಸೇವ್ ಮಾಡಿದ ಮೇಲೆ 90 ಸೆಕೆಂಡ್ ಒಳಗೆ ನೀವು ಹೊಸ ವಿಳಾಸಕ್ಕೆ ಬರದಿದ್ದರೆ ಪೈ ಹಳೇ ಸೆಟ್ಟಿಂಗ್‌ಗೆ ಮರಳುತ್ತದೆ. "ಬದಲಿಸಿದ್ದು ನಿಲ್ಲುವುದೇ ಇಲ್ಲ" ಎಂದು ಹೇಳುವವರೆಲ್ಲ ಇಲ್ಲೇ ಸಿಕ್ಕಿಕೊಂಡವರು. 'ಸೇವ್ ಆ್ಯಂಡ್ ಅಪ್ಲೈ' ಬಟನ್ ಪಕ್ಕದ ಬಾಣ ಒತ್ತಿ 'ಅಪ್ಲೈ ಅನ್‌ಚೆಕ್ಡ್' ಆರಿಸಿ, ವಯರ್ ಒಮ್ಮೆ ತೆಗೆದು ಹಾಕಿ, ಹೊಸ ವಿಳಾಸ ತೆರೆಯಿರಿ.

ಇನ್ನು ಕಷ್ಟದ ಜಾಗ. ಮೋಡೆಮ್ ಮುಟ್ಟುವ ಮುಂಚೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ನಾಲ್ಕು ಮಾತು ಕೇಳಿ, ಕಾಗದದಲ್ಲಿ ಬರೆದುಕೊಳ್ಳಿ. ಪಿಪಿಪಿಒಇ (ಕಂಪನಿಯ ನೆಟ್‌ಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ಏನು? ವಿಲ್ಯಾನ್ ನಂಬರ್ (ಒಂದೇ ಲೈನಿನಲ್ಲಿ ಬರುವ ಬೇರೆ ಬೇರೆ ಸೇವೆಗಳನ್ನು ಗುರುತಿಸುವ ನಂಬರ್) ಇದೆಯಾ? ಮೋಡೆಮ್ ಅನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಡುತ್ತೀರಾ? ಲ್ಯಾಂಡ್‌ಲೈನ್ ಇದ್ದರೆ ಅದು ನಿಲ್ಲುತ್ತದಾ? ಮೋಡೆಮ್‌ನ ಈಗಿನ ಸೆಟ್ಟಿಂಗ್ ಪುಟಗಳ ಫೋಟೋ ಮೊಬೈಲಿನಲ್ಲಿ ಇರಲಿ. ಬ್ರಿಡ್ಜ್ ಮಾಡಿದ ಮೇಲೆ ಮೋಡೆಮ್ ಬರೀ ಬೆಳಕನ್ನು ಲ್ಯಾನ್ ವಯರಿಗೆ ಇಳಿಸುವ ಸಾಧನ, ಲಾಗಿನ್ ಆಗುವುದು ಪೈ.

ಪೈನಲ್ಲಿ ಹೊಸ ಇಂಟರ್‌ಫೇಸ್ (ಸಂಪರ್ಕ) ಮಾಡಿ. ಹೆಸರು ವ್ಯಾನ್ (ಹೊರಗಿನ ಇಂಟರ್ನೆಟ್ ಕಡೆ), ಪ್ರೋಟೋಕಾಲ್ ಪಿಪಿಪಿಒಇ, ಡಿವೈಸ್ ಜಾಗದಲ್ಲಿ ಮೋಡೆಮ್‌ನ ವಯರ್ ಬರುವ ಯುಎಸ್‌ಬಿ ಅಡಾಪ್ಟರ್, ಅಂದರೆ ಇಟಿಎಚ್1 (eth1). ವಿಲ್ಯಾನ್ ನಂಬರ್ ಕೊಟ್ಟಿದ್ದರೆ ಇಟಿಎಚ್1 ಆದಮೇಲೆ ಚುಕ್ಕಿ ಇಟ್ಟು ಆ ನಂಬರ್ ಬರೆಯಿರಿ. ನಂತರ ಅದೇ ಕಿಟಕಿಯ ಫೈರ್‌ವಾಲ್ ಟ್ಯಾಬ್‌ಗೆ ಹೋಗಿ 'ವ್ಯಾನ್' ಜೋನ್ (ಒಂದೇ ಕಾವಲು ನಿಯಮದ ಗುಂಪು) ಆರಿಸಿ. ಈ ಟ್ಯಾಬನ್ನು ಮರೆಯುವವರೇ ಹೆಚ್ಚು. ಆ ಜೋನ್‌ಗೆ ಸೇರದಿದ್ದರೆ ನೆಟ್ ಬರುವುದಿಲ್ಲ. ಆಗ ಗಾಬರಿಯಾಗಿ ಫೈರ್‌ವಾಲ್ ಪುಟದಲ್ಲಿ ಎಲ್ಲ ಕಡೆ 'ಆಕ್ಸೆಪ್ಟ್' ಒತ್ತುತ್ತಾರೆ. ಕಿನ್ನಿಮುಲ್ಕಿಯ ಒಂದು ಮನೆಯಲ್ಲಿ ಹೀಗೇ ಆಗಿ, ಪೈಯ ಲಾಗಿನ್ ಪುಟ ಹೊರಗಿನವರಿಗೂ ಕಾಣುತ್ತಿತ್ತು. ವ್ಯಾನ್ ಜೋನ್‌ನ ಇನ್‌ಪುಟ್ (ಹೊರಗಿನಿಂದ ಪೈಗೆ ಬರುವುದು) ಯಾವತ್ತೂ 'ರಿಜೆಕ್ಟ್' ಇರಬೇಕು. ಏನೇ ಕೆಟ್ಟರೂ ಅದನ್ನು ಬದಲಿಸಬೇಡಿ. ಐಪಿವಿ6ಗೆ (ಹೊಸ ಬಗೆಯ ಇಂಟರ್ನೆಟ್ ವಿಳಾಸ) ಇನ್ನೊಂದು ಇಂಟರ್‌ಫೇಸ್ ಮಾಡಿದರೆ ಅದೂ ಇದೇ ಜೋನ್‌ಗೆ ಸೇರಬೇಕು. ಐಪಿವಿ6ನಲ್ಲಿ ಮನೆಯ ಒಂದೊಂದು ಸಾಧನಕ್ಕೂ ಹೊರಗಿನ ವಿಳಾಸ ಸಿಗುತ್ತದೆ. ಅಲ್ಲಿ ತಡೆಯುವುದು ಫೈರ್‌ವಾಲ್ ಮಾತ್ರ.

ಲಾಗಿನ್ ಆಗದಿದ್ದರೆ ಕೂಡಲೇ ಪಾಸ್‌ವರ್ಡ್ ತಪ್ಪು ಎಂದುಕೊಳ್ಳಬೇಡಿ. ಹಳೇ ಲಾಗಿನ್ ಕಂಪನಿಯ ಕಡೆ ಇನ್ನೂ ಜೀವಂತ ಇರಬಹುದು. ಮೋಡೆಮ್ ಆಫ್ ಮಾಡಿ, ಒಂದು ಚಾ ಕುಡಿದು ಬಂದು ಆನ್ ಮಾಡಿ. ಕೆಲವು ಸೈಟ್ ಮಾತ್ರ ತೆರೆದು ಕೆಲವು ಸುಮ್ನೆ ಸುತ್ತುತ್ತಿದ್ದರೆ ಎಂಟಿಯು (ಒಮ್ಮೆಗೆ ಹೋಗುವ ಡೇಟಾ ತುಂಡಿನ ಗರಿಷ್ಠ ಗಾತ್ರ, ಬೈಟ್ ಲೆಕ್ಕದಲ್ಲಿ) 1492 ಇದೆಯಾ ನೋಡಿ. ಪಿಪಿಪಿಒಇ 8 ಬೈಟ್ ತಿನ್ನುತ್ತದೆ, ಹಾಗಾಗಿ 1500 ಹಿಡಿಸುವುದಿಲ್ಲ.

ಕಂಪನಿಯವರು ಬ್ರಿಡ್ಜ್ ಮಾಡಿಕೊಡದಿದ್ದರೆ ಜಗಳ ಬೇಡ. ವ್ಯಾನ್ ಪ್ರೋಟೋಕಾಲ್ ಅನ್ನು ಡಿಎಚ್‌ಸಿಪಿ ಕ್ಲೈಂಟ್ (ಮೋಡೆಮ್ ಹಂಚುವ ವಿಳಾಸವನ್ನೇ ಪಡೆಯುವ ವಿಧಾನ) ಮಾಡಿ, ಮೋಡೆಮ್‌ನ ಹಿಂದೆಯೇ ಪೈ ಕೂರಿಸಿ. ವಿಳಾಸ ಮೊದಲೇ ಬದಲಿಸಿದ್ದೀರಿ, ಹಾಗಾಗಿ ಡಿಕ್ಕಿಯಾಗುವುದಿಲ್ಲ. ನೋಡುವುದಕ್ಕೆ, ಓದುವುದಕ್ಕೆ, ಆಫೀಸ್ ಕೆಲಸಕ್ಕೆ ಇಷ್ಟೇ ಸಾಕು.

ವೈಫೈಗೆ ಪೈಯನ್ನು ನಂಬಬೇಡಿ. ಹಳೇ ರೌಟರ್ ಇದ್ದರೆ ಅದರ ವಿಳಾಸ 192.168.10.2 ಮಾಡಿ, ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಪೈಯಿಂದ ಬಂದ ವಯರನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿ, ವ್ಯಾನ್ ಪೋರ್ಟಿಗಲ್ಲ. ಕೆಂಪುಕಲ್ಲಿನ ದಪ್ಪ ಗೋಡೆಯ ಹಳೇ ಮನೆಯಾದರೆ ಚಾವಡಿಗೆ ಇನ್ನೊಂದು ಬೇಕಾಗುತ್ತದೆ. ಅದನ್ನೂ ವಯರಿನಲ್ಲೇ ಜೋಡಿಸಿ.

ಎಲ್ಲ ಸರಿಯಾದ ದಿನವೇ ಬ್ಯಾಕಪ್ ಫೈಲ್ ಇಳಿಸಿ, ಲ್ಯಾಪ್‌ಟಾಪ್‌ನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು ಇಡಿ. ಎಸ್‌ಡಿ ಕಾರ್ಡ್ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಮೋಡೆಮ್, ಪೈ, ರೌಟರ್ ಮೂರರ ಪ್ಲಗ್ಗೂ ಕೀಳಿ. ಫೈಬರ್‌ನಲ್ಲಿ ಸಿಡಿಲಿನ ಕರೆಂಟು ಬರುವುದಿಲ್ಲ, ಪ್ಲಗ್ಗಿನಲ್ಲಿ ಬರುತ್ತದೆ. ಅಂಗಳದ ಕ್ಯಾಮೆರಾದಿಂದ ಒಳಗೆ ಬಂದ ಲ್ಯಾನ್ ವಯರಿನಲ್ಲೂ ಬರುತ್ತದೆ, ಅದನ್ನೂ ಬಿಚ್ಚಿಡಿ.