ಅಳಿಲು ಮರಿ ಸಿಕ್ಕಿತಾ? ಹಾಲಿಗೆ ಅವಸರ ಬೇಡ

ಗೂಡಿನಿಂದ ಬಿದ್ದ ಅಳಿಲು ಮರಿ ಸಿಕ್ಕರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಹಸುವಿನ ಹಾಲು ತಂದು ಡ್ರಾಪರ್‌ನಲ್ಲಿ ಬಾಯಿಗೆ ಬಿಡುವುದು. ಪಾಪ, ಹಸಿದಿರುತ್ತೆ ಅಂತ. ಮರುದಿನ ಮರಿ ಸತ್ತರೆ ‘ತಾಯಿ ಇಲ್ಲದ್ದು, ಬದುಕೋದು ಕಷ್ಟ ಬಿಡಿ’ ಅಂದುಬಿಡುತ್ತಾರೆ. ಎಷ್ಟೋ ಸಲ ಅದರ ಜೀವ ತೆಗೆದಿರುವುದು ಆ ಹಾಲೇ.

ಮೊದಲು ತಾಯಿಗೆ ಒಂದು ಅವಕಾಶ ಕೊಡಿ. ಮರಿ ಬೆಚ್ಚಗಿದ್ದು, ಗಾಯ ಇಲ್ಲದಿದ್ದರೆ ತೆರೆದ ಡಬ್ಬದಲ್ಲಿ ಅದೇ ಮರದ ಬುಡಕ್ಕಿಟ್ಟು, ಬೆಳಕಿರುವಾಗಲೇ ಕೆಲವು ಗಂಟೆ ದೂರದಿಂದ ಕಾಯಿರಿ. ಎಷ್ಟೋ ಸಲ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ. ಮರಿ ತಣ್ಣಗಾಗಿದ್ದರೆ, ಮೈಮೇಲೆ ನೊಣದ ಮೊಟ್ಟೆ ಇದ್ದರೆ, ಬೆಕ್ಕಿನ ಬಾಯಿಗೆ ಸಿಕ್ಕಿದ್ದರೆ ಕಾಯಬೇಡಿ. ಬೆಕ್ಕು ಹಿಡಿದಿದ್ದರೆ ಗಾಯ ಕಾಣದಿದ್ದರೂ ಅವತ್ತೇ ವೈದ್ಯರಿಗೆ ತೋರಿಸಬೇಕು. ಬಹಳ ಕಡೆ ಕಾಡುಪ್ರಾಣಿ ಸಾಕಲು ಅನುಮತಿ ಬೇಕು. ಹಾಗಾಗಿ ಮುಂದೆ ಹೇಳುವುದೆಲ್ಲ ಪಶುವೈದ್ಯರ ಅಥವಾ ರಕ್ಷಣಾ ಕೇಂದ್ರದವರ ಮಾತು ಕೇಳುತ್ತಲೇ ಮಾಡುವ ಕೆಲಸ.

ಎರಡನೆಯದು ಶಾಖ. ತಣ್ಣಗಿರುವ ಮರಿಯ ಹೊಟ್ಟೆಗೆ ಏನು ಹಾಕಿದರೂ ಜೀರ್ಣವಾಗುವುದಿಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬದ ಅರ್ಧ ಭಾಗದಲ್ಲಿ ಮಾತ್ರ ಇಡಿ, ಸೆಕೆ ಆದರೆ ಮರಿ ಬಾಟಲಿ ಇಲ್ಲದ ಕಡೆ ಸರಿಯಲಿ. ಮುಟ್ಟಿದಾಗ ಹೊಟ್ಟೆ ಬೆಚ್ಚಗೆನಿಸುವವರೆಗೆ ಬಾಯಿಗೆ ಒಂದು ಹನಿಯೂ ಬೇಡ.

ಆಮೇಲೆ ನೀರಿನಂಶ. ಬೆನ್ನಿನ ಚರ್ಮ ಮೆಲ್ಲಗೆ ಎತ್ತಿ ಬಿಡಿ. ತಕ್ಷಣ ಕೆಳಗಿಳಿಯದೆ ಗುಡಾರದ ಹಾಗೆ ನಿಂತರೆ ಮರಿ ಒಣಗಿದೆ ಎಂದರ್ಥ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಿದ ಓಆರ್‌ಎಸ್ ಉಗುರುಬೆಚ್ಚಗೆ ಕೊಡಿ. ಮೊದಲ ಒಂದೆರಡು ಸಲ ಅದೇ ಸಾಕು. ನಂತರ ನಾಯಿಮರಿಗೆಂದೇ ಬರುವ ಹಾಲಿನ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಬನ್ನಿ. ಹಸುವಿನ ಹಾಲು ಕೊಟ್ಟರೆ ಭೇದಿ ಹತ್ತುತ್ತದೆ, ಹೊಟ್ಟೆ ಉಬ್ಬುತ್ತದೆ.

ಈಗ ಎಲ್ಲರೂ ಎಡವುವ ಜಾಗ, ಕುಡಿಸುವುದು. ಸೂಜಿ ತೆಗೆದ 1 ಮಿಲಿ ಸಿರಿಂಜ್ ತಗೊಳ್ಳಿ. ಬೆಕ್ಕಿನ ಮರಿಗೆ ಅಂತ ಮಾರುವ ಚಿಕ್ಕ ಬಾಟಲಿಗಳನ್ನು ನಾನಂತೂ ಮುಟ್ಟುವುದಿಲ್ಲ. ಎಷ್ಟು ಹೋಗುತ್ತಿದೆ ಅಂತ ತಿಳಿಯುವುದೇ ಇಲ್ಲ. ಮರಿಯನ್ನು ಅಂಗಾತ ಮಲಗಿಸಬೇಡಿ. ಬಟ್ಟೆ ಸುತ್ತಿ, ಹೊಟ್ಟೆ ಕೆಳಗೆ, ತಲೆ ಸ್ವಲ್ಪ ಮೇಲೆ ಇರುವಂತೆ ಹಿಡಿಯಿರಿ. ತುಟಿಯ ಮೇಲೆ ಒಂದು ಹನಿ ಇಡಿ, ಅದು ನೆಕ್ಕಲಿ. ನುಂಗಿದ ಮೇಲೆ ಮುಂದಿನ ಹನಿ. ಮರಿಯೇ ಜೋರಾಗಿ ಚೀಪಲು ಶುರು ಮಾಡಿದರೂ ಪಿಸ್ಟನ್ ನಿಮ್ಮ ಹೆಬ್ಬೆರಳಿನ ಹಿಡಿತದಲ್ಲೇ ಇರಬೇಕು. ಒಂದು ಸಲಕ್ಕೆ ಮೈತೂಕದ ಶೇ 5ರಷ್ಟು ಸಾಕು. ಅಂದರೆ 40 ಗ್ರಾಂ ಮರಿಗೆ 2 ಮಿಲಿ. ದಿನಾ ತೂಕ ನೋಡಿ, ಬರೆದಿಡಿ.

ಮೂಗಿನ ತುದಿಯಲ್ಲಿ ಹಾಲಿನ ಗುಳ್ಳೆ ಕಂಡರೆ ತಕ್ಷಣ ನಿಲ್ಲಿಸಿ. ತಲೆ ಕೆಳಗೆ ಬಾಗಿಸಿ, ಟಿಶ್ಯೂ ಪೇಪರಿನಿಂದ ಒರೆಸಿ, ಉಸಿರು ಸರಿಹೋಗುವವರೆಗೆ ಬಿಟ್ಟುಬಿಡಿ. ಆ ಹಾಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಮುಂದಿನ ಒಂದೆರಡು ದಿನ ಮರಿಯನ್ನು ಕಿವಿಯ ಹತ್ತಿರ ಹಿಡಿದು ಕೇಳಿ. ಉಸಿರಿನ ಜತೆ ಟಿಕ್ ಟಿಕ್ ಸದ್ದು ಬಂದರೆ, ಬಾಯಿ ತೆರೆದು ಉಸಿರಾಡಿದರೆ, ಕುಡಿಯಲು ಒಲ್ಲೆ ಅಂದರೆ ವೈದ್ಯರ ಹತ್ತಿರ ಓಡಿ. ಮನುಷ್ಯರಿಗೆ ತಂದ ಆ್ಯಂಟಿಬಯೋಟಿಕ್ ಸಿರಪ್ಪನ್ನು ಅಂದಾಜಿನ ಮೇಲೆ ಹಾಕುವ ಜಾಣತನ ಬೇಡ. ಇಷ್ಟು ಚಿಕ್ಕ ಮೈಗೆ ಒಂದು ಹನಿಯೂ ಜಾಸ್ತಿಯಾಗಬಹುದು.

ಹೊಟ್ಟೆ ಉಬ್ಬಿ ಬಿಗಿಯಾದರೆ ಹಾಲು ನಿಲ್ಲಿಸಿ, ಓಆರ್‌ಎಸ್‌ಗೆ ವಾಪಸ್ ಬನ್ನಿ.

ಕಣ್ಣು ಬಿಡದ ಮರಿ ತಾನಾಗಿ ಉಚ್ಚೆ, ಕಕ್ಕ ಮಾಡುವುದಿಲ್ಲ. ಪ್ರತಿ ಸಲ ಹಾಲು ಕೊಟ್ಟಾಗಲೂ ಬೆಚ್ಚನೆಯ ಒದ್ದೆ ಹತ್ತಿಯಿಂದ ಆ ಜಾಗವನ್ನು ಮೆಲ್ಲಗೆ ಸವರಬೇಕು. ಮುಜುಗರ ಅಂತ ಬಿಟ್ಟರೆ ಮೂತ್ರಕೋಶವೇ ಒಡೆಯಬಹುದು. ಚಿಗಟ ಕಂಡರೆ ನಾಯಿಗೆ ಹಾಕುವ ಪುಡಿ ಹಾಕಬೇಡಿ, ಅದು ಮರಿಗೆ ವಿಷ. ಸಣ್ಣ ಹಲ್ಲಿನ ಬಾಚಣಿಗೆ ಸಾಕು.

ಹಲ್ಲು ಬಂದ ಮೇಲೆ ಇನ್ನೊಂದು ತಪ್ಪು ಶುರುವಾಗುತ್ತದೆ, ಬರೀ ಕಡಲೆಕಾಯಿ ಮತ್ತು ಸೂರ್ಯಕಾಂತಿ ಬೀಜ. ಮರಿ ಖುಷಿಯಾಗಿ ತಿನ್ನುತ್ತೆ, ನಿಜ. ಆದರೆ ಅವುಗಳಲ್ಲಿ ಕ್ಯಾಲ್ಸಿಯಂ ಕಡಿಮೆ, ರಂಜಕ ಜಾಸ್ತಿ. ಮೂಳೆ ಮೆತ್ತಗಾಗಿ ಹಿಂಗಾಲು ಎಳೆದುಕೊಂಡು ಓಡಾಡುವ ಮರಿಗಳ ಕಥೆ ಹೆಚ್ಚಾಗಿ ಇದೇ. ಸೊಪ್ಪು, ತರಕಾರಿ ಮೊದಲು ಇಡಿ, ಕಾಳು ಆಮೇಲೆ. ಬೆಳಗಿನ ಬಿಸಿಲೂ ಬೀಳಲಿ.

ಬೇರೆ ಅಳಿಲು ಮರಿ ಇದ್ದರೆ ಜತೆಗೆ ಬಿಡಿ, ಮುದ್ದಾಡುವುದನ್ನು ಕಡಿಮೆ ಮಾಡಿ. ಮರದ ಹತ್ತಿರ ದೊಡ್ಡ ಪಂಜರದಲ್ಲಿ ಕೆಲವು ದಿನ ಇಟ್ಟು, ಆಮೇಲೆ ಬಾಗಿಲು ತೆರೆಯಿರಿ. ಊಟ ಅದೇ ಜಾಗದಲ್ಲಿ ಇಡುತ್ತಿರಿ. ನ್ಯುಮೋನಿಯಾ ಆಗಿದ್ದ ಮರಿಯನ್ನು ಬಿಡುವ ದಿನ ಮಾತ್ರ ನೀವೇ ಗೊತ್ತು ಮಾಡಬೇಡಿ, ವೈದ್ಯರು ಎದೆ ಪರೀಕ್ಷಿಸಿ ಹೇಳಲಿ.