ನಾಯಿಗೆ ಕೋಳಿ ಮೂಳೆ ಹಾಕುವ ಮುನ್ನ

ಉಂಡ ತಟ್ಟೆಯಲ್ಲಿ ಉಳಿದ ಮೂಳೆಯನ್ನು ನಾಯಿಗೆ ಎಸೆಯುವ ರೂಢಿ ಇದ್ದರೆ ಮೊದಲು ಅದನ್ನು ಬಿಡಿ. ಬೆಂದ ಮೂಳೆ ಪೆಡಸಾಗಿರುತ್ತದೆ. ಕಚ್ಚಿದರೆ ಚೂಪಾಗಿ ಸೀಳಿ ಗಂಟಲನ್ನೋ ಕರುಳನ್ನೋ ಚುಚ್ಚುತ್ತದೆ. ಜೊತೆಗೆ ಮಸಾಲೆಯ ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿ ಬೆಕ್ಕುಗಳ ರಕ್ತಕಣ ಒಡೆಯುವಂಥವು. ಹಸಿ ಮೂಳೆ ಹಾಗಲ್ಲ, ಕೊಂಚ ಬಾಗುತ್ತದೆ, ಜಗಿದರೆ ನುರಿಯುತ್ತದೆ. ಅದರಿಂದಲೂ ಅಪಾಯ ಇಲ್ಲವೇ ಇಲ್ಲ ಅನ್ನಬೇಡಿ, ಕಡಿಮೆ ಅಷ್ಟೇ.

ತುಂಡು ಚಿಕ್ಕದಾದಷ್ಟೂ ಕ್ಷೇಮ ಅನ್ನುವುದು ತಪ್ಪು ಲೆಕ್ಕ. ಚಿಕ್ಕದನ್ನು ನಾಯಿ ಜಗಿಯುವುದಿಲ್ಲ, ಗುಳಕ್ಕನೆ ನುಂಗುತ್ತದೆ. ಕೊಡುವ ತುಂಡು ಅದರ ಮೂತಿಗಿಂತ ದೊಡ್ಡದಿರಲಿ: ಪುಟ್ಟ ನಾಯಿಗೆ ಇಡೀ ರೆಕ್ಕೆ, ದೊಡ್ಡದಕ್ಕೆ ಮಾಂಸ ಅಂಟಿದ ಬೆನ್ನಿನ ಭಾಗ. ಕೋಳಿಯ ಕತ್ತು ದೊಡ್ಡ ನಾಯಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುವುದು ಅದೇ.

ಅಳತೆ ತಪ್ಪುವುದು ಹೆಚ್ಚಾಗಿ ಮೂಳೆಯ ಪಾಲಿನಲ್ಲಿ. ಹಸಿ ಆಹಾರ ತಿನ್ನುವ ಬೆಳೆದ ನಾಯಿಗೆ ದಿನಕ್ಕೆ ಅದರ ತೂಕದ ನೂರಕ್ಕೆ 2ರಿಂದ 3 ಪಾಲು ಊಟ, ಅದರಲ್ಲಿ ಮೂಳೆ ಹತ್ತನೇ ಒಂದು. 10 ಕಿಲೋ ನಾಯಿಗಾದರೆ 200ರಿಂದ 300 ಗ್ರಾಂ ಊಟದಲ್ಲಿ 20ರಿಂದ 30 ಗ್ರಾಂ ಮೂಳೆ. ರೆಕ್ಕೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಮೂಳೆಯೇ ಇರುವುದರಿಂದ ಎರಡು ದಿನಕ್ಕೊಂದು ರೆಕ್ಕೆ ಧಾರಾಳವಾಯಿತು. ಮೂಳೆ ಹೆಚ್ಚಾಯಿತೋ ಇಲ್ಲವೋ ಮಲವೇ ಹೇಳುತ್ತದೆ. ಸುಣ್ಣದ ಹಾಗೆ ಬೆಳ್ಳಗೆ, ಪುಡಿಪುಡಿಯಾಗಿ ಬಂದರೆ ಮೂಳೆ ತಗ್ಗಿಸಿ, ಬರೀ ಮಾಂಸ ಕೊಡಿ. ಬೆಳೆಯುವ ಮರಿಗೆ ಇದೇ ಊಟವಾಗಿಸಬೇಡಿ. ಸುಣ್ಣಾಂಶ ಏರುಪೇರಾದರೆ ಅದರ ಮೂಳೆಗಳೇ ಸೊಟ್ಟಗಾಗುತ್ತವೆ.

ಬೆಕ್ಕಿನ ವಿಷಯದಲ್ಲಿ ನನ್ನ ಮಾತು ಇನ್ನೂ ಬಿಗಿ. ಹಸಿ ಕೋಳಿಯಿಂದ ಹಕ್ಕಿಜ್ವರ ತಗುಲಿ ಸತ್ತ ಬೆಕ್ಕುಗಳಿವೆ. ಫ್ರೀಜರಿನಲ್ಲಿಟ್ಟರೆ ಆ ವೈರಾಣುವಾಗಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣುವಾಗಲಿ ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ಬೆಕ್ಕಿಗೆ ಮೂಳೆ ತೆಗೆದು ಬೇಯಿಸಿದ ಮಾಂಸವೇ ಸಾಕು. ಹಸುಗೂಸು, ಗರ್ಭಿಣಿ, ಮುದುಕರು, ಕಾಯಿಲೆಯವರು ಇರುವ ಮನೆಯಲ್ಲಿ ನಾಯಿಗೂ ಹಸಿ ಮಾಂಸ ಬೇಡ. ಮಾಂಸ ನೆಕ್ಕಿದ ನಾಲಿಗೆಯೇ ಆಮೇಲೆ ಮಗುವಿನ ಕೆನ್ನೆ ನೆಕ್ಕುತ್ತದೆ.

ಹೆಪ್ಪುಗಟ್ಟಿದ್ದನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಮುಚ್ಚಿಟ್ಟು ಕರಗಿಸಿ. ನಲ್ಲಿಯ ಕೆಳಗೆ ತೊಳೆಯಬೇಡಿ, ಹನಿ ಸಿಡಿದು ಸಿಂಕ್ ತುಂಬ ರೋಗಾಣು ಹರಡುತ್ತದೆ. ತೊಳೆಯಲು ಸುಲಭವಾದ ನೆಲದ ಮೇಲೆ ಹಾಕಿ, ಮುಗಿಯುವವರೆಗೆ ಹತ್ತಿರವೇ ಇರಿ. ಅರ್ಧ ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ಎತ್ತಿಬಿಡಿ. ಬಟ್ಟಲು, ನೆಲ, ಕೈ ಮೂರನ್ನೂ ಸೋಪು ಹಾಕಿ ತೊಳೆಯಿರಿ. ಮೇಲಿಂದ ಮೇಲೆ ವಾಂತಿ, ಉಬ್ಬಿದ ಹೊಟ್ಟೆ, ತಿಣುಕಿದರೂ ಬಾರದ ಮಲ ಕಂಡರೆ ಎಣ್ಣೆ ಕುಡಿಸುತ್ತಾ ಕೂರದೆ ಅಂದೇ ಪಶುವೈದ್ಯರ ಬಳಿ ಒಯ್ಯಿರಿ, ಯಾವ ಮೂಳೆ, ಯಾವಾಗ ತಿಂದಿತು ಎಂಬುದನ್ನೂ ಹೇಳಿ.