ಕೂಡುವ ಸರ್ಕಿಟ್‌ನಿಂದಲೇ ಕಳೆಯುವುದು ಹೇಗೆ?

ಡಿಜಿಟಲ್ ಲ್ಯಾಬ್‌ನಲ್ಲಿ ಆಡರ್, ಅಂದರೆ 0 ಮತ್ತು 1ರ ಬಿಟ್‌ಗಳಲ್ಲಿರುವ ಸಂಖ್ಯೆಗಳನ್ನು ಕೂಡುವ ಸರ್ಕಿಟ್, ಕಟ್ಟುವುದು ಹೆಚ್ಚಿನವರಿಗೆ ಕಷ್ಟವಾಗುವುದಿಲ್ಲ. ಅದೇ ಸರ್ಕಿಟ್‌ನಲ್ಲಿ ಕಳೆಯಲು ಹೊರಟಾಗ ತೊಡಕು ಶುರುವಾಗುತ್ತದೆ. 7ರಲ್ಲಿ 5 ಕಳೆದರೆ 1 ಬರುತ್ತದೆ, ಅಥವಾ ಉತ್ತರ ಸರಿಯಿದ್ದರೂ ಕ್ಯಾರಿಯ (ಕೂಡುವಾಗ ಮುಂದಿನ ಬಿಟ್‌ಗೆ ಹೋಗುವ ದಶಕದಂಥ 1ರ) ಎಲ್‌ಇಡಿ ಸುಮ್ಮನೆ ಹೊತ್ತಿಕೊಳ್ಳುತ್ತದೆ. ಕೂಡಲೇ ಐಸಿ ಬದಲಿಸುತ್ತಾರೆ. ಐಸಿ ಕೆಟ್ಟಿರುವುದು ಅಪರೂಪ. ತಪ್ಪು ಇರುವುದು ಹೆಚ್ಚಾಗಿ ಒಂದೇ ಒಂದು ತಂತಿಯಲ್ಲಿ.

ಮೊದಲು ಕಾಗದದ ಮೇಲೆ

ಎರಡು ಬಿಟ್ ಕೂಡುವ ಹಾಫ್ ಆಡರ್‌ಗೆ ಒಂದು ಎಕ್ಸ್‌ಆರ್ (ಎರಡು ಇನ್‌ಪುಟ್ ಬೇರೆಬೇರೆಯಾದರೆ 1 ಕೊಡುವ ಗೇಟ್), ಒಂದು ಆ್ಯಂಡ್ (ಎರಡೂ 1 ಆದರೆ ಮಾತ್ರ 1) ಗೇಟ್ ಸಾಕು. ಒಳಬರುವ ಕ್ಯಾರಿಯನ್ನೂ ಸೇರಿಸಿ ಕೂಡುವ ಫುಲ್ ಆಡರ್‌ನ ಮೊತ್ತಕ್ಕೆ ಕಾರ್ನಾ ನಕ್ಷೆ (1ಗಳನ್ನು ಗುಂಪು ಮಾಡಿ ಸರ್ಕಿಟ್ ಸರಳಗೊಳಿಸುವ ಚೌಕಗಳ ಪಟ್ಟಿ) ಬರೆದು ಗುಂಪು ಹುಡುಕುತ್ತ ಕೂರಬೇಡಿ. ಅಲ್ಲಿ 1ಗಳು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ಬರುತ್ತವೆ, ಗುಂಪು ಸಿಗುವುದೇ ಇಲ್ಲ. ಹಾಗೆ ಕಂಡರೆ ಅದು ಎಕ್ಸ್‌ಆರ್ ಎಂದೇ ತಿಳಿಯಿರಿ. ಕ್ಯಾರಿಗೆ ಎರಡು ಆ್ಯಂಡ್, ಅವೆರಡನ್ನು ಸೇರಿಸಲು ಒಂದು ಆರ್ ಗೇಟ್ (ಯಾವುದಾದರೂ ಒಂದು 1 ಇದ್ದರೂ 1 ಕೊಡುವುದು) ಬೇಕು. ಈ ಎರಡು ಆ್ಯಂಡ್‌ಗಳು ಒಟ್ಟಿಗೆ 1 ಆಗುವ ಸಂದರ್ಭವೇ ಇಲ್ಲ. ಹಾಗಾಗಿ ಆರ್ ಜಾಗದಲ್ಲಿ ಉಳಿದಿರುವ ಎಕ್ಸ್‌ಆರ್ ಗೇಟನ್ನೇ ಬಳಸಬಹುದು, ಒಂದು ಐಸಿ ಉಳಿಯುತ್ತದೆ.

ಫುಲ್ ಸಬ್‌ಟ್ರ್ಯಾಕ್ಟರನ್ನು (ಕಳೆಯಲೆಂದೇ ಇರುವ ಸರ್ಕಿಟ್) ಪರೀಕ್ಷೆಗಾಗಿ ಕಲಿಯಿರಿ, ಟ್ರೂತ್ ಟೇಬಲ್ (ಯಾವ ಇನ್‌ಪುಟ್‌ಗೆ ಯಾವ ಔಟ್‌ಪುಟ್ ಎಂಬ ಪಟ್ಟಿ) ಸರಿಯಾಗಿ ಬರೆಯಿರಿ. 0ಯಿಂದ 1 ಕಳೆದು, ಹಿಂದಿನ ಸಾಲವಾದ ಇನ್ನೊಂದು 1ನ್ನೂ ಕಳೆಯುವ ಸಾಲಿನಲ್ಲಿ ಉಳಿಕೆ 0, ಸಾಲ 1. ಹಲವರು ಇಲ್ಲಿ ಉಳಿಕೆಯನ್ನೂ 1 ಎಂದು ಬರೆಯುತ್ತಾರೆ. ಆದರೆ ನಿಜವಾಗಿ ಕಟ್ಟುವಾಗ ಪ್ರತ್ಯೇಕ ಸಬ್‌ಟ್ರ್ಯಾಕ್ಟರ್ ಬೇಡವೇ ಬೇಡ. ಎ ಸಂಖ್ಯೆಯಿಂದ ಬಿ ಕಳೆಯಬೇಕೆನ್ನಿ: ಬಿ ಸಂಖ್ಯೆಯ ಬಿಟ್‌ಗಳನ್ನೆಲ್ಲ ತಿರುಗಿಸಿ (0 ಇದ್ದಲ್ಲಿ 1, 1 ಇದ್ದಲ್ಲಿ 0), ಅದಕ್ಕೆ 1 ಸೇರಿಸಿ ಎ ಜೊತೆ ಕೂಡಿದರೆ ಅದೇ ವ್ಯವಕಲನ.

ಬೇಕಾದ ಸಾಮಾನು

74ಎಲ್‌ಎಸ್283 (ನಾಲ್ಕು ಬಿಟ್‌ನ ಆಡರ್) ಒಂದು, 74ಎಲ್‌ಎಸ್86 (ನಾಲ್ಕು ಎಕ್ಸ್‌ಆರ್ ಗೇಟ್) ಎರಡು, 74ಎಲ್‌ಎಸ್04 (ಬಿಟ್ ತಿರುಗಿಸುವ ಆರು ನಾಟ್ ಗೇಟ್) ಒಂದು, ಸ್ವಿಚ್ 9, 1 ಕಿಲೋ ಓಮ್ ರೆಸಿಸ್ಟರ್ 9, ಎಲ್‌ಇಡಿ 6, 470 ಓಮ್ ರೆಸಿಸ್ಟರ್ 6, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ 4, ಜೊತೆಗೆ 5 ವೋಲ್ಟ್‌ನ ಸ್ಥಿರ ಸಪ್ಲೈ. 9 ವೋಲ್ಟ್ ಬ್ಯಾಟರಿಯನ್ನು ನೇರವಾಗಿ ಕೊಟ್ಟರೆ ಐಸಿ ಉಳಿಯುವ ಭರವಸೆಯಿಲ್ಲ; ಈ ಐಸಿಗಳ ಗರಿಷ್ಠ ಮಿತಿಯೇ 7 ವೋಲ್ಟ್.

283 ಸಿಗದೆ 74ಎಲ್‌ಎಸ್83 ಸಿಕ್ಕಿದರೆ ಕೆಲಸ ಅದೇ, ಪಿನ್‌ಗಳು ಬೇರೆ. 283ರಲ್ಲಿ ಸಪ್ಲೈ 16ನೇ ಪಿನ್‌ಗೆ, ಗ್ರೌಂಡ್ 8ಕ್ಕೆ. 83ರಲ್ಲಿ ಸಪ್ಲೈ 5ಕ್ಕೆ, ಗ್ರೌಂಡ್ 12ಕ್ಕೆ. ಎಲ್‌ಎಸ್ ಮತ್ತು ಎಚ್‌ಸಿ ಎಂಬ ಎರಡು ಬಗೆಯ ಐಸಿಗಳನ್ನು ಒಂದೇ ಬೋರ್ಡಿನಲ್ಲಿ ಬೆರೆಸಬೇಡಿ: ಎಲ್‌ಎಸ್ ಖಾತರಿಯಾಗಿ ಕೊಡುವ 1 ಎಂದರೆ 2.7 ವೋಲ್ಟ್, ಎಚ್‌ಸಿ ಕೇಳುವುದು ಸುಮಾರು 3.5 ವೋಲ್ಟ್. ಬೆರೆಸಲೇಬೇಕಾದರೆ ಎಲ್‌ಎಸ್‌ನ ವೋಲ್ಟೇಜನ್ನು ಒಪ್ಪುವ ಎಚ್‌ಸಿಟಿ ಬಗೆಯದನ್ನು ತನ್ನಿ. ತುದಿ ಸಡಿಲವಾದ ತೆಳು ಜಂಪರ್ ವೈರ್‌ಗಳನ್ನು ಬದಿಗಿಟ್ಟು 22 ಗೇಜ್‌ನ ಒಂಟಿ ಎಳೆಯ ತಂತಿ ಕತ್ತರಿಸಿ ಬಳಸಿ. ಉದ್ದನೆಯ ಬ್ರೆಡ್‌ಬೋರ್ಡ್‌ಗಳಲ್ಲಿ ಪವರ್ ಸಾಲು ಮಧ್ಯದಲ್ಲಿ ತುಂಡಾಗಿರುವುದುಂಟು, ಮಲ್ಟಿಮೀಟರ್ ಹಿಡಿದು ನೋಡಿಕೊಳ್ಳಿ.

ಸ್ವಿಚ್ ಮತ್ತು ಎಲ್‌ಇಡಿ

ಒಳಬರುವ ಪ್ರತಿ ಗೆರೆಯನ್ನೂ 1 ಕಿಲೋ ಓಮ್ ಮೂಲಕ 5 ವೋಲ್ಟ್‌ಗೆ ಕಟ್ಟಿ, ಸ್ವಿಚ್ ಅದನ್ನು ಗ್ರೌಂಡಿಗೆ ಎಳೆಯುವಂತೆ ಮಾಡಿ. ತಿರುಗುಮುರುಗಾಗಿ, 10 ಕಿಲೋ ಓಮ್‌ನಿಂದ ಗ್ರೌಂಡಿಗೆ ಕಟ್ಟಿದರೆ ಎಲ್‌ಎಸ್ ಐಸಿಯಲ್ಲಿ 0 ಸಿಗದು. 0 ಆಗಿರಬೇಕಾದ ಇನ್‌ಪುಟ್‌ನಿಂದ 0.4 ಮಿಲಿಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಹೊರಗೆ ಹರಿಯಬಹುದು. ಅಷ್ಟು ದೊಡ್ಡ ರೆಸಿಸ್ಟರ್ ಅದನ್ನು ತಾಳದೆ ಪಿನ್ ಮೇಲಕ್ಕೇರಿ 1 ಎಂದೇ ಓದಿಕೊಳ್ಳುತ್ತದೆ. ನಮ್ಮ ಜೋಡಣೆಯಲ್ಲಿ ಸ್ವಿಚ್ ಆನ್ ಎಂದರೆ 0. ಇದನ್ನು ಚೀಟಿಯಲ್ಲಿ ಬರೆದು ಅಂಟಿಸಿ.

ಎಲ್‌ಇಡಿಯನ್ನು ಆಡರ್‌ನ ಔಟ್‌ಪುಟ್‌ಗೆ ನೇರವಾಗಿ ಹಾಕಬೇಡಿ. ಎಲ್‌ಎಸ್ ಔಟ್‌ಪುಟ್ 1 ಇರುವಾಗ ಕೊಡುವ ಕರೆಂಟ್‌ನ ಭರವಸೆ 0.4 ಮಿಲಿಆಂಪಿಯರ್ ಮಾತ್ರ. 0 ಇರುವಾಗ ಅದು 8 ಮಿಲಿಆಂಪಿಯರ್ ನುಂಗಬಲ್ಲದು. ಆದ್ದರಿಂದ ಪ್ರತಿ ಔಟ್‌ಪುಟ್ಟನ್ನು 04ರ ಒಂದು ನಾಟ್ ಗೇಟ್‌ಗೆ ಕೊಡಿ. ಎಲ್‌ಇಡಿಯ ಉದ್ದ ಕಾಲು 5 ವೋಲ್ಟ್‌ಗೆ, ಗಿಡ್ಡ ಕಾಲು 470 ಓಮ್ ಮೂಲಕ ನಾಟ್‌ನ ಔಟ್‌ಪುಟ್‌ಗೆ. 04ರಲ್ಲಿರುವ ಆರು ಗೇಟ್‌ಗಳು ನಮ್ಮ ಆರು ಎಲ್‌ಇಡಿಗಳಿಗೆ ಸರಿಹೋಗುತ್ತವೆ.

ಆಡರ್‌ನ ಪಿನ್‌ಗಳು

ಚಿಕ್ಕ ಬಿಟ್‌ನಿಂದ ದೊಡ್ಡ ಬಿಟ್‌ಗೆ ಕ್ರಮವಾಗಿ 283ರಲ್ಲಿ ಎ: 5, 3, 14, 12. ಬಿ: 6, 2, 15, 11. ಮೊತ್ತ: 4, 1, 13, 10. ಒಳಬರುವ ಕ್ಯಾರಿ 7, ಹೊರಹೋಗುವ ಕ್ಯಾರಿ 9. ಪ್ರತಿ ಐಸಿಯ ಸಪ್ಲೈ ಮತ್ತು ಗ್ರೌಂಡ್ ನಡುವೆ ಒಂದೊಂದು ಕೆಪಾಸಿಟರ್ ಇಡಿ.

ಎಡವುವ ಜಾಗ: ಎಮ್ ಗೆರೆ

ಒಂಬತ್ತನೆಯ ಸ್ವಿಚ್‌ಗೆ ಎಮ್ ಎನ್ನೋಣ. 0 ಇದ್ದರೆ ಕೂಡು, 1 ಇದ್ದರೆ ಕಳೆ. ಬಿ ಸಂಖ್ಯೆಯ ನಾಲ್ಕು ಸ್ವಿಚ್‌ಗಳು ಆಡರ್‌ಗೆ ನೇರವಾಗಿ ಹೋಗದೆ ಮೊದಲ 86ರ ನಾಲ್ಕು ಎಕ್ಸ್‌ಆರ್ ಗೇಟ್‌ಗಳ ಮೂಲಕ ಹೋಗಬೇಕು. ಆ ಗೇಟ್‌ಗಳ ಇನ್ನೊಂದು ಕಾಲಿಗೆಲ್ಲ ಎಮ್. ಎಮ್ 1 ಆದಾಗ ಬಿಟ್‌ಗಳು ತಿರುಗುತ್ತವೆ. ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಎಮ್‌ನ ಐದನೆಯ ತಂತಿ ಆಡರ್‌ನ ಒಳಬರುವ ಕ್ಯಾರಿಗೆ, ಅಂದರೆ 7ನೇ ಪಿನ್‌ಗೆ ಹೋಗಲೇಬೇಕು. ಸೇರಿಸಬೇಕಾದ ಆ 1 ಬರುವುದು ಅಲ್ಲಿಂದಲೇ.

ಈ ಪಿನ್ ತಪ್ಪಿದರೆ ಲಕ್ಷಣ ನೋಡಿಯೇ ಹೇಳಬಹುದು. ಕೂಡಿದ್ದು ಸರಿ, ಕಳೆದದ್ದು ಪ್ರತಿ ಸಲವೂ 1 ಕಡಿಮೆ ಎಂದಾದರೆ 7ನೇ ಪಿನ್ ಗ್ರೌಂಡಿಗೆ ಅಂಟಿಕೊಂಡಿದೆ. ಕಳೆದದ್ದು ಸರಿ, ಕೂಡಿದ್ದು 1 ಹೆಚ್ಚು ಎಂದಾದರೆ ಆ ಪಿನ್‌ಗೆ ತಂತಿ ತಲುಪಿಲ್ಲ: ಎಲ್‌ಎಸ್‌ನಲ್ಲಿ ಗಾಳಿಯಲ್ಲಿ ಬಿಟ್ಟ ಇನ್‌ಪುಟ್ 1 ಎಂದೇ ವರ್ತಿಸುತ್ತದೆ. ಕೂಡುವಾಗಲೂ ಬಿಯ ಒಂದು ಬಿಟ್ ಮಾತ್ರ ತಿರುಗಿ ಬರುತ್ತಿದ್ದರೆ ಆ ಗೇಟ್‌ಗೆ ಎಮ್ ತಲುಪಿಲ್ಲ.

ಇನ್ನು ಕ್ಯಾರಿಯ ಅರ್ಥ. ಕಳೆಯುವಾಗ ಕ್ಯಾರಿ 1 ಬಂದರೆ ಸಾಲ ಬೇಕಾಗಲಿಲ್ಲ ಎಂದರ್ಥ, ಅಂದರೆ ಎ ದೊಡ್ಡದು ಅಥವಾ ಸಮ. 7ರಲ್ಲಿ 5: 0111, 1010, ಮೇಲೊಂದು 1, ಕೂಡಿದರೆ 0010, ಕ್ಯಾರಿ 1. 5ರಲ್ಲಿ 7: 0101, 1000, ಮೇಲೊಂದು 1, ಕೂಡಿದರೆ 1110, ಕ್ಯಾರಿ 0. ಈ 1110 ಎಂದರೆ 14 ಅಲ್ಲ, ಮೈನಸ್ 2. ಬಿಟ್‌ಗಳನ್ನು ತಿರುಗಿಸಿ 1 ಸೇರಿಸಿದರೆ 0010 ಸಿಗುತ್ತದೆ. 6ರಲ್ಲಿ 0 ಕಳೆದರೂ ಕ್ಯಾರಿ 1 ಬರುತ್ತದೆ, ಅದು ಸರಿಯೇ. ಎಲ್‌ಇಡಿ ಹೊತ್ತಿದ್ದು ನೋಡಿ ಸರ್ಕಿಟ್ ಬಿಚ್ಚಬೇಡಿ.

ಓವರ್‌ಫ್ಲೋ

ಚಿಹ್ನೆಯಿರುವ ಸಂಖ್ಯೆಗಳಿಗೆ ನಾಲ್ಕು ಬಿಟ್‌ನಲ್ಲಿ ಮೈನಸ್ 8ರಿಂದ 7ರವರೆಗೆ ಮಾತ್ರ ಜಾಗ; ಉತ್ತರ ಅದನ್ನು ಮೀರಿದರೆ ಓವರ್‌ಫ್ಲೋ. 5ಕ್ಕೆ 6 ಕೂಡಿದರೆ 1011, ಅಂದರೆ ಮೈನಸ್ 5. ಇದನ್ನು ಕ್ಯಾರಿ ಹೇಳುವುದಿಲ್ಲ, ಅದು 0 ಇರುತ್ತದೆ. ಕೊನೆಯ, ಅಂದರೆ ಅತಿ ದೊಡ್ಡ ಬಿಟ್‌ಗೆ ಒಳಬಂದ ಕ್ಯಾರಿ ಮತ್ತು ಹೊರಹೋದ ಕ್ಯಾರಿ ಬೇರೆಬೇರೆಯಾದರೆ ಅದೇ ಓವರ್‌ಫ್ಲೋ ಎನ್ನುತ್ತದೆ ಪಠ್ಯ. ಆದರೆ ಒಳಬಂದ ಕ್ಯಾರಿಗೆ 283ರಲ್ಲಿ ಪಿನ್ನೇ ಇಲ್ಲ. ಉಪಾಯ ಹೀಗಿದೆ: 12, 11, 10 ಮತ್ತು 9ನೇ ಪಿನ್‌ಗಳನ್ನು ಎರಡನೆಯ 86ರ ಮೂರು ಎಕ್ಸ್‌ಆರ್‌ಗಳಲ್ಲಿ ಸೇರಿಸಿದರೆ ಬರುವುದೇ ಓವರ್‌ಫ್ಲೋ. ಬಿಯ ಬಿಟ್ಟನ್ನು 11ನೇ ಪಿನ್ನಿಂದಲೇ ತೆಗೆದುಕೊಳ್ಳಿ. ಸ್ವಿಚ್‌ನಿಂದ ತೆಗೆದುಕೊಂಡರೆ ಕೂಡುವಾಗ ಸರಿ, ಕಳೆಯುವಾಗ ಸುಳ್ಳು. 1000ದಿಂದ 0001 ಕಳೆದಾಗ 0111 ಬಂದು ಓವರ್‌ಫ್ಲೋ ಹೊತ್ತಬೇಕು.

ಪರೀಕ್ಷೆ

ಒಟ್ಟು 512 ಜೋಡಣೆಗಳಿವೆ, ಎಲ್ಲವೂ ಬೇಡ. ಬಿ 0 ಇಟ್ಟು ಎ 1, 2, 4, 8 ಕೊಡಿ. ಆಮೇಲೆ ಬಿಗೂ ಹಾಗೆಯೇ. 1 ಕೊಟ್ಟಾಗ 8 ಬಂದರೆ ಬಿಟ್‌ಗಳ ಕ್ರಮ ತಲೆಕೆಳಗಾಗಿದೆ. ನಂತರ 15ಕ್ಕೆ 1 ಕೂಡಿ ಕ್ಯಾರಿ ಕೊನೆಯವರೆಗೆ ಹರಿಯುವುದನ್ನು ನೋಡಿ. ಮೊದಲೇ ಸಿಮ್ಯುಲೇಟರ್‌ನಲ್ಲಿ ಬರೆದು ನೋಡುವುದು ಒಳ್ಳೆಯದೇ, ಆದರೆ ಬೋರ್ಡಿನ ಮೇಲೆ ಬಿಟ್ಟುಹೋದ ತಂತಿ ಅಲ್ಲಿ ಕಾಣಿಸದು.

ಎಂಟು ಬಿಟ್‌ಗೆ ಹಿಗ್ಗಿಸಲು ಮೊದಲ 283ರ 9ನೇ ಪಿನ್ನನ್ನು ಎರಡನೆಯದರ 7ಕ್ಕೆ ಕೊಡಿ. ಎಮ್ ಎಂಟೂ ಎಕ್ಸ್‌ಆರ್‌ಗಳಿಗೆ ಹೋಗಬೇಕು, ಕ್ಯಾರಿಯಾಗಿ ಮಾತ್ರ ಮೊದಲ ಐಸಿಗೆ ಅಷ್ಟೇ. 16ರಲ್ಲಿ 1 ಕಳೆದು ನೋಡಿ: 15ರ ಬದಲು 31 ಬಂದರೆ ಎರಡನೆಯ ಐಸಿಯ 7ನೇ ಪಿನ್‌ಗೂ ಎಮ್ ಸೇರಿಕೊಂಡಿದೆ.